ಜೋಲುಮೋರೆ: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಇಸ್ಪೀಟಿನಲ್ಲಿ ಇಪ್ಪತ್ತು ರೂಪಾಯಿ ಸೋತವನು ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ ಎಂದು ಬರೆದರೆ ಓದುಗ ನಗುತ್ತಾನೆ. ಮಗನನ್ನು ಮಣ್ಣು ಮಾಡಿದ ತಂದೆ ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ ಎಂದು ಬರೆದರೆ ಅದೇ ಓದುಗನಿಗೆ ಬರೆದವನ ಮೇಲೆ ಸಿಟ್ಟು ಬರುತ್ತದೆ. ಎರಡೂ ವಾಕ್ಯಗಳ ವ್ಯಾಕರಣ ಸರಿಯಾಗಿಯೇ ಇದೆ. ಎರಡನೆಯದರಲ್ಲಿ ಪದ ಕೂತ ಜಾಗ ಸರಿಯಿಲ್ಲ. ‘ದುಃಖದಿಂದ ಇಳಿಬಿದ್ದ ಮುಖ’ ಎಂಬಷ್ಟೇ ಅರ್ಥವನ್ನು ನೆಚ್ಚಿಕೊಂಡವರು ಎಡವುವುದು ಇಲ್ಲೇ. ಒಳಗಿರುವ ದುಃಖಕ್ಕಿಂತ ಮುಖದ ಮೇಲೆ ತೂಗುಹಾಕಿದ್ದು ಹೆಚ್ಚಾದಾಗ ಮಾತ್ರ ಕನ್ನಡಿಗರ ಬಾಯಲ್ಲಿ ಅದು ಜೋಲುಮೋರೆ. ಪದದೊಳಗೆ ಹೇಳುವವನ ತೀರ್ಪು ಕೂಡ ಸೇರಿಕೊಂಡಿದೆ: ‘ಇಷ್ಟಕ್ಕೆಲ್ಲ ಇಷ್ಟೊಂದು ಯಾಕೆ?’

ಪದವನ್ನು ಬಿಡಿಸಿದರೆ

ಜೋಲು ಎಂದರೆ ಬಿಗಿ ತಪ್ಪಿ ಕೆಳಕ್ಕೆ ಇಳಿಬೀಳು, ನೇತಾಡು. ಇದರ ಭೂತರೂಪ ಜೋತು. ಕೊಂಬೆಗೆ ಜೋತುಬಿದ್ದ ಬಾವಲಿ, ಹಳೇ ಪದ್ಧತಿಗೆ ಜೋತುಬಿದ್ದವರು, ತೊಟ್ಟಿಲ ಅಂಚಿನಿಂದ ಜೋಲಾಡುವ ಸೀರೆಯ ಸೆರಗು, ಎಲ್ಲವೂ ಒಂದೇ ಸಂಸಾರ. ಆದ್ದರಿಂದ ಜೋಲುಮೋರೆಯಲ್ಲಿ ಮೊದಲು ಕಾಣಬೇಕಾದದ್ದು ಭಾರ. ಕೆನ್ನೆ, ತುಟಿಯ ಕೊನೆ, ಗಲ್ಲ ಎಲ್ಲ ನೆಲದ ಕಡೆಗೆ ಹೊರಟಿರಬೇಕು. ಕೋಪದಿಂದ ಬಿಗಿದ ಮುಖಕ್ಕೆ ಈ ಪದ ಒಗ್ಗುವುದೇ ಇಲ್ಲ, ಬಿಗಿದದ್ದು ಜೋಲುವುದಿಲ್ಲವಲ್ಲ.

ಇನ್ನು ಮೋರೆ. ಕನ್ನಡದಲ್ಲಿ ಮುಖಕ್ಕಿರುವ ಪದಗಳಿಗೆ ಒಂದು ಮೆಟ್ಟಿಲುಸಾಲೇ ಇದೆ. ಮುಖ ಎನ್ನುವುದು ಎಲ್ಲಿಗೂ ಹೊಂದುವ ಮಾತು. ಮೊಗ ಅಕ್ಕರೆಯ, ಪದ್ಯದ ಮಾತು. ಮೋರೆ ಸಲುಗೆಯದು, ಸಣ್ಣ ಲೇವಡಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬರುವಂಥದ್ದು. ಮೂತಿ ಎಂದರೆ ಲೇವಡಿ ಬಯಲಿಗೆ ಬಂದಂತೆ. ಮುಸುಡಿ ಎಂದರೆ ಜಗಳ ಶುರುವಾಗಿದೆ ಎಂದೇ ಲೆಕ್ಕ. ತೆಲುಗಿನಲ್ಲಿ ಮೋರ ಎಂದರೆ ಪ್ರಾಣಿಯ ಮೂತಿ. ಆ ನಂಟಿನ ವಾಸನೆ ನಮ್ಮ ಮೋರೆಯಲ್ಲೂ ಸ್ವಲ್ಪ ಉಳಿದಿದೆ. ಎಲ್ಲ ಕಡೆಯೂ ಹೀಗಲ್ಲ ಅನ್ನಿ. ಹವ್ಯಕರ ಮನೆಯಲ್ಲಿ ಮೋರೆ ಎಂದರೆ ಬರಿಯ ಮುಖ, ಅದರಲ್ಲಿ ಯಾವ ವ್ಯಂಗ್ಯವೂ ಇಲ್ಲ.

ಈ ಮೆಟ್ಟಿಲು ಸುಮ್ಮನೆ ಹೇಳಿದ್ದಲ್ಲ. ನಗುವಿನ ಜತೆ ಮೊಗ ಕೂಡುತ್ತದೆ: ನಗುಮೊಗ. ಜೋಲುವಿನ ಜತೆ ಮೋರೆ ಕೂಡುತ್ತದೆ. ‘ನಗುಮೊಗದ ಸೇವೆ’ ಎಂದು ಬರೆಸುವಂತೆ ನಗುಮೋರೆ ಎಂದು ಯಾರೂ ಬ್ಯಾಂಕಿನ ಗೋಡೆಯ ಮೇಲೆ ಬರೆಸುವುದಿಲ್ಲ. ಜೋಲುಮೊಗ ಎಂದರೆ ಭಾವಗೀತೆ ಕೆಟ್ಟುಹೋದ ಹಾಗೆ ಕೇಳುತ್ತದೆ. ಜೋಲುಮುಖ ನಡೆಯುತ್ತದೆ, ಆದರೆ ಅದರಲ್ಲಿ ಅರ್ಧ ಕಚಗುಳಿ ಮಾಯ. ಲಘುಬರಹಕ್ಕೆ ಮೋರೆಯನ್ನೇ ಇಟ್ಟುಕೊಳ್ಳಿ. ವರದಿಯಲ್ಲಿ, ಗಂಭೀರ ಕಥನದಲ್ಲಿ ಈ ಜೋಡಿಪದವೇ ಬೇಡ.

ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ

ಈ ಪದ ಯಾವ ಕ್ರಿಯಾಪದದ ಜತೆ ಓಡಾಡುತ್ತದೆ ನೋಡಿ: ಹಾಕಿಕೊಳ್ಳು. ಅಂಗಿ ಹಾಕಿಕೊಳ್ಳುತ್ತೇವೆ, ಚಪ್ಪಲಿ ಹಾಕಿಕೊಳ್ಳುತ್ತೇವೆ, ಜೋಲುಮೋರೆಯನ್ನೂ ಹಾಕಿಕೊಳ್ಳುತ್ತೇವೆ. ಕೊಳ್ಳು ಸೇರಿದೊಡನೆ ಕೆಲಸ ತನಗಾಗಿ ತಾನೇ ಮಾಡಿಕೊಂಡದ್ದು ಎಂದಾಯಿತು. ನಿಜವಾದ ಸಂಕಟಕ್ಕೆ ಕನ್ನಡ ಬೇರೆ ದಾರಿ ಹಿಡಿಯುತ್ತದೆ: ಮುಖ ಬಾಡಿತು, ಮುಖ ಕಳೆಗುಂದಿತು, ಮುಖ ಕಪ್ಪಿಟ್ಟಿತು. ಅಲ್ಲಿ ಮುಖಕ್ಕೆ ತಾನಾಗಿ ಏನೋ ಆಗುತ್ತದೆ. ಮನುಷ್ಯ ಏನನ್ನೂ ಮಾಡಿಕೊಳ್ಳುವುದಿಲ್ಲ. ‘ಸುದ್ದಿ ಕೇಳಿ ಅವಳ ಮುಖ ಬಾಡಿತು’ ಎಂಬಲ್ಲಿ ಹೇಳುವವನು ಅವಳ ಪಕ್ಕ ನಿಂತಿದ್ದಾನೆ. ‘ಸುದ್ದಿ ಕೇಳಿ ಜೋಲುಮೋರೆ ಹಾಕಿಕೊಂಡಳು’ ಎಂಬಲ್ಲಿ ಎದುರಿಗೆ ನಿಂತಿದ್ದಾನೆ.

ಎರಡರ ನಡುವೆ ಒಂದು ಗಲ್ಲಿ ಇದೆ: ‘ಮುಖ ಜೋತುಬಿತ್ತು’. ಕೊಳ್ಳು ಇಲ್ಲದ್ದರಿಂದ ಆರೋಪ ಇಳಿಯುತ್ತದೆ, ಜೋಲುವ ಚಿತ್ರ ಉಳಿಯುತ್ತದೆ. ಪಾತ್ರವನ್ನು ಕಂಡು ಓದುಗ ಸ್ವಲ್ಪ ನಗಬೇಕು, ಆದರೆ ಅದರ ಕೈಬಿಡಬಾರದು ಎನ್ನುವಲ್ಲಿ ಇದು ಒಳ್ಳೆಯದು.

ಜೋಲುಮೋರೆ ಮಾಡಿಕೊಂಡು, ಹೊತ್ತುಕೊಂಡು ಎಂದರೂ ಸರಿಯೇ. ಹೊತ್ತುಕೊಂಡು ಎಂದಾಗ ಭಾರ ಇನ್ನೂ ಹೆಚ್ಚು, ಅಲ್ಲಿಂದಿಲ್ಲಿಗೆ ನಡೆಯುವ ಪಾತ್ರಕ್ಕೆ ಅದು ಚೆನ್ನ: ‘ಜೋಲುಮೋರೆ ಹೊತ್ತು ಮೂರು ಮನೆ ತಿರುಗಿ ಬಂದ’. ನಡೆಯದ ರೂಪಗಳು ಇವು: ‘ಜೋಲುಮೋರೆಯಾದ’, ‘ಜೋಲುಮೋರೆ ಪಟ್ಟ’, ‘ಜೋಲುಮೋರೆಯಿಂದ ಬಳಲಿದ’. ದುಃಖಪಟ್ಟ, ಬೇಸರಪಟ್ಟ ಎಂಬುದರ ಅಚ್ಚಿನಲ್ಲಿ ಎರಕ ಹೊಯ್ದದ್ದು. ಜೋಲುಮೋರೆ ಭಾವನೆಯ ಹೆಸರಲ್ಲವಾದ್ದರಿಂದ ಅದನ್ನು ಪಡುವುದಕ್ಕೆ ಬರುವುದಿಲ್ಲ.

ಬರೆಯುವ ಮುಂಚೆ ಮೂರು ಪ್ರಶ್ನೆ

ಮೊದಲನೆಯದು, ಕಾರಣದ ಗಾತ್ರ ಎಷ್ಟು? ಮುಖ ಒಂದು ತಟ್ಟೆಯಲ್ಲಿ, ಕಾರಣ ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿ. ಮುಖದ ತಟ್ಟೆ ಕೆಳಗಿಳಿದರೆ ಪದ ಹೊಂದುತ್ತದೆ. ಬಾಳೆಎಲೆಯ ತುದಿಗೆ ಕೂತವನಿಗೆ ಹೋಳಿಗೆ ಬರುವಷ್ಟರಲ್ಲಿ ಮುಗಿದದ್ದು, ಕಿಟಕಿ ಪಕ್ಕದ ಸೀಟು ತಪ್ಪಿದ್ದು, ಭಾನುವಾರದ ಮಧ್ಯಾಹ್ನ ಕರೆಂಟು ಹೋದದ್ದು, ಇಂಥವಕ್ಕೆಲ್ಲ ಜೋಲುಮೋರೆ ಹೇಳಿ ಮಾಡಿಸಿದ ಹಾಗೆ. ಸಾವು, ಕಾಯಿಲೆ, ಕೆಲಸ ಹೋದದ್ದು, ಬೆಳೆ ಹೋದದ್ದು ಬಂದರೆ ಪದವನ್ನು ಅಲ್ಲೇ ಕೆಳಗಿಡಿ.

ಎರಡನೆಯದು, ನೋಡುವವರು ಯಾರಾದರೂ ಇದ್ದಾರೆಯೇ? ಜೋಲುಮೋರೆಗೆ ಪ್ರೇಕ್ಷಕ ಬೇಕು. ಬಾಗಿಲು ಹಾಕಿಕೊಂಡು ಒಬ್ಬನೇ ಕೂತವನ ಮುಖವನ್ನು ಜೋಲುಮೋರೆ ಎಂದರೆ ವಾಕ್ಯ ಟೊಳ್ಳು ಶಬ್ದ ಮಾಡುತ್ತದೆ. ಅದೇ ಮನುಷ್ಯ ಅಡುಗೆಮನೆಗೆ ಕಾಣುವ ಹಾಗೆ ನಡುಮನೆಯ ಕಂಬಕ್ಕೊರಗಿ ಕೂತಿದ್ದರೆ, ಯಾರಾದರೂ ಹಾದುಹೋದಾಗಲೆಲ್ಲ ಒಂದು ನಿಟ್ಟುಸಿರು ಬಿಟ್ಟರೆ, ಪದ ತಾನಾಗಿ ಬಾಯಿಗೆ ಬರುತ್ತದೆ. ‘ಅತ್ತೂ ಕರೆದೂ ಔತಣ ಹೇಳಿಸಿಕೊಂಡರು’ ಎಂಬ ಗಾದೆಯ ಮಂದಿ ಇವರೇ.

ಮೂರನೆಯದು, ಹೇಳುತ್ತಿರುವವರು ಯಾರು? ಕಥೆಯ ನಿರೂಪಕನೋ, ಒಂದು ಪಾತ್ರವೋ? ಪಾತ್ರದ ಬಾಯಲ್ಲಿ ಅನ್ಯಾಯವಾಗಿಯೂ ಈ ಪದ ಬರಬಹುದು. ನಿಜವಾಗಿ ನೊಂದ ಸೊಸೆಯನ್ನು ಅತ್ತೆ ‘ಜೋಲುಮೋರೆ ಹಾಕ್ಕೊಂಡು ನಿಂತ್ಕೊಬೇಡ, ನೆಂಟರು ಬರ್ತಾರೆ’ ಎಂದು ಗದರಿದರೆ ಗೊತ್ತಾಗುವುದು ಅತ್ತೆಯ ಗುಣ. ಅದೇ ಮಾತನ್ನು ನಿರೂಪಕ ತನ್ನ ಧ್ವನಿಯಲ್ಲಿ ಹೇಳಿದರೆ ಬರೆದವನ ಗುಣ ಗೊತ್ತಾಗುತ್ತದೆ. ಮೂರು ಪ್ರಶ್ನೆಗಳಲ್ಲಿ ಇದನ್ನೇ ಹೆಚ್ಚು ಜನ ಮರೆಯುವುದು.

ಹೆಚ್ಚಾದ ಶೋಕ ಯಾಕೆ ನಗು ತರಿಸುತ್ತದೆ ಎಂಬುದನ್ನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ವಿವರಿಸಿದ್ದಾನೆ. ಸ್ಥಾಯಿಗೆ, ಅಂದರೆ ನೆಲೆನಿಂತ ಭಾವಕ್ಕೆ, ತಕ್ಕ ವಿಭಾವ, ಅಂದರೆ ಕಾರಣ, ಇಲ್ಲದೆ ಹೋದರೆ ರಸ ಆಭಾಸವಾಗುತ್ತದೆ, ಬರಿಯ ತೋರಿಕೆಯಾಗುತ್ತದೆ; ಆಭಾಸವಾದದ್ದು ಹಾಸ್ಯಕ್ಕೆ ತಿರುಗುತ್ತದೆ. ತನ್ನ ಬಂಧುವೇ ಅಲ್ಲದವನಿಗಾಗಿ ಶೋಕಿಸಿದರೆ ಆ ಕರುಣವೂ ಹಾಸ್ಯವೇ. ನಮ್ಮ ಅಜ್ಜಿಯರು ಇದನ್ನೇ ‘ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳಂತೆ’ ಎಂದು ಒಂದೇ ಉಸಿರಿಗೆ ಮುಗಿಸಿದರು. ಬರೆಯುವವರಿಗೆ ಇದರಿಂದ ಸಿಗುವ ಕೈಪಿಡಿ ಇಷ್ಟು: ಕಾರಣವನ್ನು ಮುಖದ ಪಕ್ಕದಲ್ಲೇ, ಅದೇ ವಾಕ್ಯದಲ್ಲಿ ಇಡಿ. ‘ಉಪ್ಪಿನಕಾಯಿ ಜಾಡಿ ಖಾಲಿಯಾಗಿದೆ ಎಂದು ಭಾವಯ್ಯ ಜೋಲುಮೋರೆ ಹಾಕಿಕೊಂಡು ಮಜ್ಜಿಗೆ ಅನ್ನ ಕಲಸಿದರು.’ ಜಾಡಿಯ ಸಂಗತಿಯನ್ನು ಎರಡು ಪ್ಯಾರಾ ಆಚೆ ಹೇಳಿದರೆ ಓದುಗ ಅಷ್ಟು ಹೊತ್ತು ಭಾವಯ್ಯನಿಗೆ ಏನಾಯಿತೋ ಎಂದು ಸುಮ್ಮನೆ ಗಾಬರಿಯಾಗಿರುತ್ತಾನೆ.

ಮುಖವನ್ನೇ ಬರೆಯುವುದು

ಪದವನ್ನು ಬಳಸದೆ ಜೋಲುಮೋರೆಯನ್ನು ಕಾಣಿಸಬೇಕಾದಾಗ ಮುಖದ ಕೆಳಗಿನ ಅರ್ಧಕ್ಕೆ ಗಮನ ಕೊಡಿ. ತುಟಿಯ ಎರಡು ಕೊನೆ ಕೆಳಕ್ಕೆ, ಕೆಳತುಟಿ ತುಸು ಮುಂದಕ್ಕೆ, ಗಲ್ಲದಲ್ಲಿ ಕಿತ್ತಳೆ ಸಿಪ್ಪೆಯಂಥ ಗುಳಿ, ಕುತ್ತಿಗೆ ಮುಂದಕ್ಕೆ ಬಾಗಿ ಭುಜ ಇಳಿದಿರುವುದು. ಹುಬ್ಬಿನ ತಂಟೆಗೆ ಹೋಗಬೇಡಿ. ಹುಬ್ಬಿನ ಒಳತುದಿ ಮೇಲೆದ್ದು ಹಣೆಯ ನಡುವೆ ನೆರಿಗೆ ಕಟ್ಟುವುದು ನಿಜವಾದ ಸಂಕಟದ ಗುರುತು. ಆ ಸ್ನಾಯುಗಳನ್ನು ಬೇಕೆಂದಾಗ ಆಡಿಸುವುದು ಹೆಚ್ಚಿನವರಿಗೆ ಸಾಧ್ಯವಿಲ್ಲ ಎಂದು ಚಾರ್ಲ್ಸ್ ಡಾರ್ವಿನ್ 1872ರಲ್ಲೇ ಬರೆದಿದ್ದಾನೆ. ತುಟಿಯನ್ನು ಯಾರು ಬೇಕಾದರೂ ಜೋಲಿಸಬಹುದು. ಹುಬ್ಬು ಹಾಗೆ ಮಾತು ಕೇಳುವುದಿಲ್ಲ. ಹೀಗಾಗಿ ಕೆಳಗಿನ ಅರ್ಧ ಅಳುತ್ತಿದ್ದು ಮೇಲಿನ ಅರ್ಧ ಸುಮ್ಮನಿರುವ ಮುಖ ಬರೆದರೆ, ಇದು ಹಾಕಿಕೊಂಡದ್ದು ಎಂದು ಓದುಗನಿಗೆ ಹೇಳದೆಯೇ ತಿಳಿಯುತ್ತದೆ. ಕಣ್ಣು ಮಾತ್ರ ಆಗಾಗ ಓರೆಯಾಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹುಡುಕಬೇಕು.

ಧ್ವನಿಗೆ ಬಂದರೆ, ಜೋಲುಮೋರೆಯವರು ರಾಗ ಎಳೆಯುತ್ತಾರೆ. ‘ಏನ್ ಮಾಡೋದೂ...’, ‘ಎಲ್ಲಾ ನಮ್ಮ ಹಣೇಬರಹಾ...’, ‘ನಮಗೆಲ್ಲಿ ಬರ್ಬೇಕು ಬಿಡೀ...’ ಎಂದು ವಾಕ್ಯದ ಬಾಲ ಉದ್ದವಾಗುತ್ತದೆ. ಇಂಥ ಎಳೆತ ಒಂದು ಸಂಭಾಷಣೆಯಲ್ಲಿ ಎರಡು ಸಲ ಬಂದರೆ ಸಾಕು. ನಾಲ್ಕನೆಯ ಸಲಕ್ಕೆ ಓದುಗನೇ ಜೋಲುಮೋರೆ ಹಾಕಿಕೊಳ್ಳುತ್ತಾನೆ.

ಪದದ ಪ್ರಮಾಣವೂ ಅಷ್ಟೇ. ಸಾವಿರ ಪದದ ಹರಟೆಗೆ ಒಂದು ಜೋಲುಮೋರೆ ಧಾರಾಳ. ‘ತುಂಬಾ ಜೋಲುಮೋರೆ’, ‘ಅತೀ ಜೋಲುಮೋರೆ’ ಬೇಡ. ಅತಿ ಎನ್ನುವುದು ಪದದೊಳಗೇ ಇರುವಾಗ ಮೇಲೆ ಇನ್ನೊಂದು ಅತಿ ಸುರಿದರೆ ಪದ ತೆಳುವಾಗುತ್ತದೆ. ಜೋರು ಬೇಕಿದ್ದರೆ ಉಪಮೆ ತನ್ನಿ, ಆದರೆ ಎಲ್ಲಿಂದ ತರುತ್ತೀರಿ ಎಂದು ನೋಡಿಕೊಳ್ಳಿ. ‘ಅಡಿಕೆಗೆ ಕೊಳೆರೋಗ ಬಂದವನ ಹಾಗೆ ಜೋಲುಮೋರೆ’ ಎಂಬುದು ಮಲೆನಾಡಿನ ಸೊಗಡಿನ ಸಾಲು ಎಂದು ಬರೆದವರಿಗೆ ಅನ್ನಿಸಬಹುದು. ಮಳೆಗಾಲದ ಕೊಳೆಗೆ ಒಂದು ವರ್ಷದ ದುಡಿಮೆಯೇ ಉದುರಿ ಬಿದ್ದವನ ಮುಖವನ್ನು ಇದು ಗೇಲಿಗೆ ಎಳೆದು ತರುತ್ತದೆ. ‘ಕೊನೇ ಬಸ್ಸಿನ ಹಿಂದಿನ ದೀಪ ನೋಡುತ್ತ ನಿಂತವನ ಹಾಗೆ’ ಎಂದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗದು.

ಅಕ್ಕಪಕ್ಕದ ಮೋರೆಗಳು

ಕನ್ನಡದಲ್ಲಿ ಮೋರೆಯ ಬಗೆಗಳು ಬಹಳ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ದೃಶ್ಯವೇ ಬದಲಾಗುತ್ತದೆ. ಹೆಚ್ಚು ಗಲಿಬಿಲಿ ಆಗುವುದು ಹ್ಯಾಪುಮೋರೆ, ಪೆಚ್ಚುಮೋರೆಗಳ ಜತೆ. ಬಡಾಯಿ ಕೊಚ್ಚಿಕೊಂಡು ಹೋಗಿ ಸೋತು ಬಂದವನದು ಹ್ಯಾಪುಮೋರೆ. ಮಾತಾಡಿ ಸಿಕ್ಕಿಬಿದ್ದು ಏನು ಹೇಳಬೇಕೆಂದು ತೋಚದವನದು ಪೆಚ್ಚುಮೋರೆ. ‘ಇಂಗು ತಿಂದ ಮಂಗ’ನೂ ಇವನ ಪಕ್ಕದ ಮನೆಯವನೇ. ಇಬ್ಬರೂ ತಮ್ಮ ಮುಖವನ್ನು ಬಚ್ಚಿಡಲು ನೋಡುತ್ತಾರೆ. ಜೋಲುಮೋರೆಯವನು ಮುಖವನ್ನು ಮುಂದಕ್ಕೆ ಚಾಚುತ್ತಾನೆ. ಇಷ್ಟು ವ್ಯತ್ಯಾಸ ನೆನಪಿದ್ದರೆ ತಪ್ಪಾಗುವುದಿಲ್ಲ.

ಮೂತಿ ಊದಿಸುವುದು ಮುನಿಸು. ಅಲ್ಲಿ ಯಾರೋ ಒಬ್ಬರು ಬಂದು ರಮಿಸಬೇಕೆಂಬ ಬೇಡಿಕೆ ಇದೆ, ಆ ಒಬ್ಬರು ಯಾರೆಂಬುದೂ ಮನೆಗೆಲ್ಲ ಗೊತ್ತು. ಗಂಟುಮೋರೆ, ಸಿಡುಕುಮೋರೆ ಕೋಪದ ಕುಲ. ಸಪ್ಪೆಮುಖ ಸಣ್ಣ ನಿರಾಸೆಯದು, ಅದರಲ್ಲಿ ಆಡಂಬರವಿಲ್ಲ. ಹರಳೆಣ್ಣೆ ಕುಡಿದ ಮುಖ ಒಲ್ಲದ ಮನಸ್ಸಿನದು. ಭೇದಿಗೆಂದು ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದ ಕಾಲದಿಂದ ಬಂದ ಮಾತು. ಇಷ್ಟವಿಲ್ಲದ ಮದುವೆಯ ಗ್ರೂಪ್ ಫೋಟೋದಲ್ಲಿ ನಿಂತವನಿಗೆ ಇದು ಹೊಂದುತ್ತದೆ, ಜೋಲುಮೋರೆಯಲ್ಲ. ಸುಟ್ಟ ಬದನೆಕಾಯಿಯಂಥ ಮುಖ ಅವಮಾನದ್ದು.

ಅಳುಮುಂಜಿ ಬೇರೆಯೇ ಜಾತಿ. ಜೋಲುಮೋರೆ ಒಂದು ಹೊತ್ತಿನದು, ಅಳುಮುಂಜಿ ಸ್ವಭಾವ. ‘ಇವತ್ತು ಜೋಲುಮೋರೆ ಹಾಕಿಕೊಂಡಿದ್ದಾನೆ’ ಸರಿ. ‘ಇವತ್ತು ಅಳುಮುಂಜಿಯಾಗಿದ್ದಾನೆ’ ಎಂದರೆ ಕಿವಿಗೆ ಮುಳ್ಳು. ಧಾರಾವಾಹಿಗೆ, ಸಿನಿಮಾಕ್ಕೆ ಅಳುಮುಂಜಿ ಎನ್ನಬಹುದು, ಜೋಲುಮೋರೆ ಎನ್ನಲಾಗದು, ಅವುಗಳಿಗೆ ಮೋರೆಯೇ ಇಲ್ಲ. ಅಂದಹಾಗೆ, ಅಳುಮುಂಜಿಯಲ್ಲಿರುವ ಮುಂಜಿಗೂ ಉಪನಯನಕ್ಕೂ ಸಂಬಂಧ ಹುಡುಕಬೇಡಿ. ತಮಿಳಿನಲ್ಲಿ ಮೂಂಜಿ ಎಂದರೆ ಮುಖ. ಅಲ್ಲಿ ಅಳುಮೂಂಜಿ ಎಂದರೆ ನೇರವಾಗಿ ಅಳುವ ಮುಖ. ಸಂಜೆಯಾದರೆ ಎಲೆ ಮಡಚಿಕೊಳ್ಳುವ ಮಳೆಮರಕ್ಕೆ ಅವರು ತೂಂಗುಮೂಂಜಿ ಮರ, ನಿದ್ದೆಮೋರೆಯ ಮರ ಎನ್ನುತ್ತಾರೆ.

ಯಾರಿಗೆ ಹೇಳಬಹುದು

ತಮ್ಮನಿಗೆ, ತಂಗಿಗೆ, ಗೆಳೆಯನಿಗೆ, ಮಕ್ಕಳಿಗೆ ಧಾರಾಳವಾಗಿ ಹೇಳಬಹುದು: ‘ಯಾಕೋ, ಜೋಲುಮೋರೆ ಹಾಕ್ಕೊಂಡು ಕೂತಿದೀಯ?’ ದೊಡ್ಡವರ ಎದುರಿಗೆ ಈ ಪದ ಬರುವುದಿಲ್ಲ. ‘ಯಾಕೆ ದೊಡ್ಡಪ್ಪ, ಸಪ್ಪಗಿದೀರಿ?’ ಎನ್ನಬೇಕು. ‘ಯಾಕೆ ದೊಡ್ಡಪ್ಪ, ಜೋಲುಮೋರೆ ಹಾಕಿಕೊಂಡಿದ್ದೀರಿ?’ ಎಂದು ಬರೆದರೆ ಬಹುವಚನ ಹಾಕಿಯೂ ಮರ್ಯಾದೆ ಹೋಯಿತು. ಬೆನ್ನ ಹಿಂದೆ ಆಡಿಕೊಳ್ಳುವುದಕ್ಕೆ ಈ ನಿಯಮ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಧಾರವಾಡದ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ಅಲ್ಲಿನ ಪಾತ್ರದ ಬಾಯಲ್ಲಿ ಜೋಲುಮೋರೆ ಇಡುವುದಕ್ಕಿಂತ ‘ಯಾಕೋ ತಮ್ಮಾ, ಮಾರಿ ಸಣ್ಣ ಮಾಡ್ಕೊಂಡು ಕುಂತೀ?’ ಎಂದರೆ ಸಹಜ. ಎರಡೂ ಪೂರ್ತಿ ಒಂದೇ ಅಲ್ಲ, ‘ಮಾರಿ ಸಣ್ಣ ಮಾಡ್ಕೊಂಡು’ ಎನ್ನುವುದರಲ್ಲಿ ಮರುಕ ಒಂದು ಹಿಡಿ ಹೆಚ್ಚು. ಮೈಸೂರು ಕಡೆಯ ಓದುಗರಿಗೆ ಮಾರಿ ಎಂದೊಡನೆ ಮಾರಮ್ಮ ನೆನಪಾಗಬಹುದು, ಆಗಲಿ ಬಿಡಿ.

ಖಿನ್ನತೆಯಿಂದ ಬಳಲುವವರಿಗೆ ಈ ಪದ ಎಂದಿಗೂ ಬೇಡ, ತಮಾಷೆಗೂ ಬೇಡ. ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದು, ಊಟ, ನಿದ್ದೆ, ಕೆಲಸದ ಆಸಕ್ತಿಯೂ ಕೆಟ್ಟಿದ್ದರೆ ವೈದ್ಯರು ಅದನ್ನು ಕಾಯಿಲೆಯೆಂದು ನೋಡುತ್ತಾರೆ. ‘ಜೋಲುಮೋರೆ ಬಿಡು, ಸ್ವಲ್ಪ ನಗು’ ಎಂಬ ಮಾತು ಅಂಥವರಿಗೆ ‘ನೀನು ನಟಿಸುತ್ತಿದ್ದೀಯ’ ಎಂದೇ ಕೇಳಿಸುತ್ತದೆ, ಯಾಕೆಂದರೆ ಪದದ ಅರ್ಥವೇ ಅದು.

ಇಂಗ್ಲಿಷಿನಿಂದ ತರುವಾಗ

ಅನುವಾದಕರಿಗೆ ಈ ಪದ ಬೇಕಾಗುವುದು ಹೆಚ್ಚಾಗಿ ಲುಗೂಬ್ರಿಯಸ್ (lugubrious) ಎಂಬ ಇಂಗ್ಲಿಷ್ ಪದ ಎದುರಾದಾಗ. ಉಚ್ಚರಿಸುವಾಗ ಒತ್ತು ಗೂ ಮೇಲೆ. ಲ್ಯಾಟಿನ್ನಿನ ಲೂಗೇರೆ, ಅಂದರೆ ಶೋಕಿಸು ಎಂಬ ಕ್ರಿಯಾಪದದ ಸಂತಾನ ಅದು. ಮೊದಮೊದಲು ಬರಿಯ ‘ಶೋಕದ’ ಎಂಬ ಅರ್ಥ; ಇವತ್ತಿನ ಬಳಕೆಯಲ್ಲಿ ಹೆಚ್ಚಾಗಿ ಅತಿಯಾದ, ತುಸು ನಗೆ ಬರಿಸುವ ಶೋಕ. ಆದ್ದರಿಂದ ಮೂಲಬರಹ ಎಷ್ಟು ಹಳೆಯದು ಎಂದು ಮೊದಲು ನೋಡಬೇಕು. ಹಳೆಯ ಗದ್ಯದಲ್ಲಿ ಅದು ಗಂಭೀರವಾಗಿಯೇ ಬಂದಿದ್ದರೆ ಶೋಕದ, ದುಃಖದ ಎಂದಷ್ಟೇ ಇಡಿ. ಹೊಸ ಗದ್ಯದಲ್ಲಿ, ಮನುಷ್ಯನ ಮುಖಕ್ಕೆ ಬಂದಿದ್ದರೆ ಜೋಲುಮೋರೆ ಕೈಹಿಡಿಯುತ್ತದೆ.

ಆ ಇಂಗ್ಲಿಷ್ ಪದ ಮುಖಕ್ಕಷ್ಟೇ ಕಟ್ಟಿಬಿದ್ದದ್ದಲ್ಲ, ತೊಡಕು ಇರುವುದು ಅಲ್ಲಿ. ಹಾಡಿಗೆ, ಧ್ವನಿಗೆ ಬಂದಾಗ ‘ಗೋಳುಕರೆಯುವ’, ‘ಅಳುರಾಗದ’ ಎಂದು ಮಾಡಬೇಕು. ಕೋಣೆಗೆ, ಸಭೆಗೆ ಬಂದಾಗ ‘ಸೂತಕದ ಕಳೆ’ ಒಳ್ಳೆಯ ಆಸರೆ: ‘ಸೋತ ಪಕ್ಷದ ಕಚೇರಿಯಲ್ಲಿ ಸೂತಕದ ಕಳೆ’ ಎಂಬ ಸಾಲನ್ನು ಪತ್ರಿಕೆಗಳು ಈಗಾಗಲೇ ಸವೆಸಿವೆ, ಆದರೂ ಅರ್ಥ ಕೊಡುತ್ತದೆ. ನಾಯಿಗೆ, ಅದರಲ್ಲೂ ಬ್ಯಾಸೆಟ್ ಹೌಂಡ್ ಥರದ ತಳಿಗೆ ಬಂದರೆ ಜೋಲುಮೋರೆಯೇ ಸೈ. ಅಲ್ಲಿ ಚರ್ಮ ನಿಜಕ್ಕೂ ಜೋಲುತ್ತದೆ, ಹಾಕಿಕೊಂಡದ್ದೆಂಬ ಆರೋಪವೂ ಇಲ್ಲ. ಹಿಂದಿಯವರು ಮೂಹ್ ಲಟಕಾನಾ ಎಂದು ಇದೇ ನೇತಾಡುವ ಚಿತ್ರ ಬಳಸುತ್ತಾರೆ, ಹಾಗಾಗಿ ಹಿಂದಿಯಿಂದ ತರುವುದು ಸಲೀಸು. ಇಂಗ್ಲಿಷಿನವರದು ಉದ್ದ ಮುಖ. ಅದನ್ನು ಹಾಗೇ ‘ಉದ್ದ ಮುಖ ಮಾಡಿಕೊಂಡ’ ಎಂದು ಇಳಿಸಿದರೆ ಕನ್ನಡದಲ್ಲಿ ಯಾರೋ ಗಲ್ಲ ಹಿಡಿದು ಎಳೆದಂತೆ ಕಾಣುತ್ತದೆ.

ಕಾಗುಣಿತ

ಒಂದೇ ಪದವಾಗಿ ಬರೆಯುವುದು ವಾಸಿ. ಬಿಡಿಸಿ ಜೋಲು ಮೋರೆ ಎಂದರೂ ತಪ್ಪಲ್ಲ, ಆದರೆ ಒಂದೇ ಬರಹದಲ್ಲಿ ಎರಡೂ ರೀತಿ ಬೇಡ. ಪ್ರತ್ಯಯ ಸೇರುವಾಗ ಯಕಾರ ಬರುತ್ತದೆ: ಜೋಲುಮೋರೆಯ, ಜೋಲುಮೋರೆಯಲ್ಲಿ, ಜೋಲುಮೋರೆಯವನು. ಬಹುವಚನ ಜೋಲುಮೋರೆಗಳು, ಫಲಿತಾಂಶದ ಮಾರನೇ ದಿನದ ಫೋಟೋಗೆ ‘ಜೋಲುಮೋರೆಗಳ ಸಾಲು’ ಎಂದು ಅಡಿಬರಹ ಕೊಡಬಹುದು.

ಲಕಾರ ಳಕಾರವಾಗಿ ಜೋಳುಮೋರೆ ಆದರೆ ಓದುಗನಿಗೆ ಜೋಳದ ರೊಟ್ಟಿ ನೆನಪಾಗಿ ಅಷ್ಟಕ್ಕೇ ಮುಗಿಯುತ್ತದೆ. ಅಪಾಯ ಇರುವುದು ಹ್ರಸ್ವ ಒ ಮತ್ತು ಒತ್ತಕ್ಷರದಲ್ಲಿ. ಫೋನಿನ ಕೀಲಿಮಣೆಯಲ್ಲಿ ಬೆರಳು ಜಾರಿದರೆ, ಇಲ್ಲವೇ ಮಾತಾಡಿ ಟೈಪು ಮಾಡಿಸಿದರೆ, ಜೋಲು ಎಂಬುದು ಜೊಲ್ಲು ಆಗಿಬಿಡಬಹುದು. ತಿದ್ದುವ ತಂತ್ರಾಂಶ ಅದನ್ನು ಹಿಡಿಯುವುದಿಲ್ಲ, ಜೊಲ್ಲು ಕೂಡ ಸರಿಯಾದ ಕನ್ನಡ ಪದವೇ. ಭಾವಯ್ಯ ಉಪ್ಪಿನಕಾಯಿ ಜಾಡಿಯ ಎದುರು ಜೊಲ್ಲುಮೋರೆ ಹಾಕಿಕೊಂಡು ಕೂತಿದ್ದರು ಎಂದು ಅಚ್ಚಾದ ಮೇಲೆ ತಿದ್ದುಪಡಿ ಹಾಕಿ ಪ್ರಯೋಜನವಿಲ್ಲ, ಹಾಗೂ ಇರಬಹುದು ಎಂದು ಓದುಗರು ಒಪ್ಪಿಕೊಂಡಿರುತ್ತಾರೆ.